ಇವರಿಗೆ ನೀವು ಏನಾಗಬೇಕು?

ಫೆಬ್ರವರಿ 3

ನಿಮಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತರು ಅಂದುಕೊಳ್ಳಬೇಡಿ. ಎಲ್ಲರೂ ಬದುಕಿದ್ದಾರೆ. ಸಾಯುವ ಹಾಗಾಗಿರುವುದು ನಾನೊಬ್ಬಳೇ, ಅದೂ ನೀವು ಬರೆದ ಕಾನೂನಿನಿಂದ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ಮೊದಲ ಮಾತಿಗೇ ಜಗಳ ತೆಗೆಯುತ್ತೇನೆ. ಕಾಗದದಲ್ಲಾದರೆ ಎರಡನೇ ಪುಟದವರೆಗಾದರೂ ತಡೆದುಕೊಳ್ಳಬಹುದು.

ನಾನು ಈಗಲೂ ಅದೇ ಸಂಘದ ವ್ಯಾನು ಓಡಿಸುತ್ತಿದ್ದೇನೆ. ನಡೆಯಲಾಗದವರನ್ನು, ಕಣ್ಣು ಕಾಣದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಾಪಸ್ ಮನೆ ಬಾಗಿಲಿಗೆ ಬಿಡುವ ಕೆಲಸ. ಹಿಂದಿನ ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತೆ, ಎಡಗಡೆ ಇಂಡಿಕೇಟರ್ ತನಗೆ ಮನಸ್ಸು ಬಂದಾಗ ಹತ್ತುತ್ತೆ. ಆದರೂ ಊರಿಗೆ ಇರುವುದು ಅದೊಂದೇ ವ್ಯಾನು.

ಹೋದ ತಿಂಗಳು ಇಲ್ಲಿ ಮತದಾನ ಆಯಿತು. ನಮ್ಮ ಪುರಸಭೆಯನ್ನು ಪಕ್ಕದ ದೊಡ್ಡ ನಗರಕ್ಕೆ ಸೇರಿಸಬೇಕೋ ಬೇಡವೋ ಅಂತ. ಚೀಟಿಯಲ್ಲಿ ಎರಡೇ ಮನೆ: 'ಸೇರಲಿ', 'ಬೇಡ'. ನಿಮ್ಮ ಹೊಸ ಕಾಯಿದೆ ಬಂದಮೇಲೆ ಇದೇ ಮೊದಲ ಮತದಾನ. ಅಬ್ಬಾ, ಅದೇನು ಕಾಯಿದೆ! ಅಂಗಡಿಯವರಿಗೆ ಒಂದು ನಿಯಮ, ಸಂಘದವರಿಗೆ ಒಂದು, ಓಟು ಹಾಕುವವರಿಗೆ ಒಂದು, ಪುರಸಭೆಗೆ ಇನ್ನೊಂದು. ನಾಲ್ಕು ಕಾಯಿಲೆಗೆ ಒಂದೇ ಮಾತ್ರೆ.

ಹೊಲಿಗೆಯಕ್ಕ ನಿಮಗೆ ನೆನಪಿರಬಹುದು. ಹಳೇ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನಮ್ಮಿಬ್ಬರ ಸ್ಕೂಲ್ ಯೂನಿಫಾರ್ಮು ಹೊಲಿಯುತ್ತಿದ್ದವರು. ಈಗ ಎರಡೂ ಕಣ್ಣು ಮಂಜು. ಬೆಳಕು ಯಾವುದು ಕತ್ತಲೆ ಯಾವುದು ಅನ್ನುವುದು ಬಿಟ್ಟರೆ ಏನೂ ಕಾಣದು. ಅವರನ್ನು ನಾನೇ ಮತಗಟ್ಟೆಗೆ ಕರೆದುಕೊಂಡು ಹೋದೆ. ಮುಂಚೆ ಕಣ್ಣು ಕಾಣದವರ ಜೊತೆ ಯಾರು ಬೇಕಾದರೂ ಒಳಗೆ ಹೋಗಿ ಅವರು ಹೇಳಿದ ಕಡೆ ಮುದ್ರೆ ಒತ್ತಬಹುದಿತ್ತು. ಈಗ ಮನೆಯವರು ಮಾತ್ರ. ಈ ಸಲ ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ತಲೆಯೆತ್ತದೆ ಕೇಳಿದ, "ಇವರಿಗೆ ನೀವು ಏನಾಗಬೇಕು?"

ವ್ಯಾನಿಗೆ ಹ್ಯಾಂಡ್‌ಬ್ರೇಕ್ ಹಾಕಿದೆನೋ ಇಲ್ಲವೋ ಅನ್ನುವ ಯೋಚನೆಯಲ್ಲಿದ್ದೆ. "ತಂಗಿ ಆಗಬೇಕು" ಅಂದುಬಿಟ್ಟೆ. ಆತ ಬರೆದುಕೊಂಡ. ನಾನು ಸಹಿ ಹಾಕಿದೆ. ಆತನೂ "ಬನ್ನಿ ಹೊಲಿಗೆಯಕ್ಕ, ಹೊಸಿಲು ಹುಷಾರು" ಅಂತಲೇ ಅವರನ್ನು ಒಳಗೆ ಬಿಟ್ಟ. ಆತನಿಗೂ ಅವರು ಅಕ್ಕನೇ. ಊರಿಗೆಲ್ಲ ಅಕ್ಕ.

ಈಗ ನನ್ನ ಮೇಲೆ ದೂರು ಬಂದಿದೆ. ಸುಳ್ಳು ಸಂಬಂಧ ಹೇಳಿ ಇನ್ನೊಬ್ಬರ ಓಟು ಒತ್ತಿದೆ ಅಂತ. ಸಂಘದ ವ್ಯಾನಿನಲ್ಲಿ, ಸಂಘದ ಕೆಲಸದ ಹೊತ್ತಿನಲ್ಲಿ ಮಾಡಿದ್ದರಿಂದ ಸಂಘದ ನೋಂದಣಿಯನ್ನೇ ರದ್ದು ಮಾಡಬಹುದಂತೆ. ನೋಂದಣಿ ಹೋದರೆ ವ್ಯಾನೂ ಹೋಯಿತು. ಮಾರ್ಚಿನಲ್ಲಿ ವಿಚಾರಣೆ. ನನ್ನ ಮನೆಯವರನ್ನು ಕರೆಸಿ, ಹೊಲಿಗೆಯಕ್ಕ ನಿಮ್ಮ ಸೋದರಿಯೇ ಅಂತ ಕೇಳುತ್ತಾರಂತೆ. ಮನೆಯವರು ಅಂತ ನನಗೆ ಉಳಿದಿರುವುದು ನೀವೊಬ್ಬರೇ.

ಆ ಪ್ರಶ್ನೆಗೆ ನೀವು ಏನು ಹೇಳುತ್ತೀರಿ? ಅಷ್ಟು ತಿಳಿಸಿದರೆ ಸಾಕು. ಬೇರೆ ಕ್ಷೇಮಸಮಾಚಾರ ಬೇಡ.

ಇತಿ,
ವ್ಯಾನಿನವಳು


ಫೆಬ್ರವರಿ 12

ಗಾಲಿಗೆ,

ಈ ಹೆಸರು ಕಂಡು ನಿನಗೆ ಸಿಟ್ಟು ಬರಬಹುದು. ಒಂದು ಕಡೆ ನಿಲ್ಲದೆ ಓಡುವವಳಿಗೆ ಅಮ್ಮ ಇಟ್ಟ ಹೆಸರು. ಬೇರೆ ಹೆಸರಿನಿಂದ ನಿನ್ನನ್ನು ಕರೆದು ನನಗೆ ಅಭ್ಯಾಸವಿಲ್ಲ.

ಮೊದಲು ಒಂದು ತಿದ್ದುಪಡಿ. ಕಾನೂನನ್ನು ನಾನು ಬರೆದೆ ಎಂಬುದು ಸರಿಯಲ್ಲ. ಸಮಿತಿಯವರು ಮಾತಾಡುತ್ತಾರೆ, ನಾನು ಅದನ್ನು ವಾಕ್ಯ ಮಾಡುತ್ತೇನೆ. ಕರಡು ಶಾಖೆಯ ಕೆಲಸ ಅಷ್ಟೇ. ದರ್ಜಿಯಂತೆ ಎಂದುಕೋ. ಬಟ್ಟೆ ಅವರದು, ಅಳತೆ ಅವರದು.

ಈ ಕಲಮಿನ ಮೊದಲ ಕರಡಿನಲ್ಲಿ 'ಮತದಾರರು ನಂಬುವ ವ್ಯಕ್ತಿ' ಜೊತೆಗೆ ಹೋಗಬಹುದು ಎಂದೇ ಇತ್ತು. ಸಮಿತಿಯಲ್ಲಿ ಒಬ್ಬರು ಎದ್ದು, ನಂಬಿಕೆಯನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ ಎಂದು ಕೇಳಿದರು. ಒಂದು ವೃದ್ಧಾಶ್ರಮದಲ್ಲಿ ಒಬ್ಬನೇ ದಲ್ಲಾಳಿ ನಂಬಿಕಸ್ಥನ ಸೋಗಿನಲ್ಲಿ ಇಡೀ ಮನೆಯವರ ಓಟು ಒತ್ತಿದ್ದನ್ನು ಹೇಳಿದರು. ಅದು ನಿಜವೇ ಆಗಿತ್ತು. ಹಾಗಾಗಿ ನಂಬಿಕೆ ಹೋಯಿತು, ಕುಟುಂಬ ಬಂತು. ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಒಡಹುಟ್ಟಿದವರ ಮಕ್ಕಳು. ಅಲ್ಲಿಗೆ ಮುಗಿಯಿತು.

ನಿನ್ನ ಪ್ರಶ್ನೆಗೆ ಉತ್ತರ: 'ಅಲ್ಲ' ಎಂದು ಹೇಳುತ್ತೇನೆ. ಪ್ರಮಾಣ ಮಾಡಿ ಸುಳ್ಳು ಹೇಳಲು ನನ್ನಿಂದಾಗದು. ನೀನೂ ಹೇಳಬೇಡ. ಬಾಯಿತಪ್ಪಿ ಬಂತು ಎಂದು ಬರೆದುಕೊಡು. ಅಧಿಕಾರಿ ಒಳ್ಳೆಯವರಾದರೆ ಎಚ್ಚರಿಕೆ ಕೊಟ್ಟು ಬಿಟ್ಟಾರು.

ಇನ್ನೊಂದು ಮಾತು. ನಿಮ್ಮ ವ್ಯಾನು ನಿಲ್ಲುವ ಶೆಡ್ಡು ಪುರಸಭೆಯದು. ಪುರಸಭೆ ನಗರಕ್ಕೆ ಸೇರಿದರೆ ಶೆಡ್ಡು ಕೈತಪ್ಪುತ್ತದೆ. ಆದ್ದರಿಂದ ನಿನಗೆ 'ಬೇಡ' ಬೇಕಾಗಿತ್ತು, ಅದಕ್ಕೇ ಆ ಮುದುಕಿಯ ಕೈಯಲ್ಲಿ 'ಬೇಡ' ಒತ್ತಿಸಿದೆ ಎಂದು ಅವರು ವಾದ ಹೂಡುತ್ತಾರೆ. ನಿಜಕ್ಕೂ ಆಕೆ ಯಾವುದು ಎಂದರು? 'ಸೇರಲಿ' ಎಂದು ಹೇಳಿದ್ದು, ನೀನು ಅದನ್ನೇ ಒತ್ತಿದ್ದರೆ, ಅಷ್ಟನ್ನು ಹೇಳಿಬಿಡು. ಅರ್ಧ ಗೆದ್ದಂತೆ.

ಸ್ವೆಟರ್ ಹಾಕಿಕೊಳ್ಳದೆ ವ್ಯಾನು ಓಡಿಸಬೇಡ.

ಇತಿ,
ದೊಡ್ಡವಳು


ಫೆಬ್ರವರಿ 20

ನಿಮಗೆ,

ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ ನಿಮಗೆ ಇನ್ನೂ ಹೋಗಿಲ್ಲ. ನಾನು ಬೆಂಕಿ ಬಿದ್ದಿದೆ ಅಂತ ಬರೆದರೆ ನೀವು 'ಬಿದ್ದಿದೆ' ಅಲ್ಲ, 'ಹತ್ತಿದೆ' ಅಂತ ತಿದ್ದಿ ಕಳಿಸುತ್ತೀರಿ.

ಬಾಯಿತಪ್ಪಿ ಬಂತು ಅಂತ ಬರೆದುಕೊಡಬೇಕಂತೆ. ಅದು ಬಾಯಿತಪ್ಪಿ ಬಂದಿದ್ದಲ್ಲ, ಬಾಯಿಗೆ ಬಂದಿದ್ದು. ಎರಡಕ್ಕೂ ವ್ಯತ್ಯಾಸ ಇದೆ, ಪದ ತೂಗುವವರು ನೀವು, ನಿಮಗೆ ಗೊತ್ತಿರಬೇಕು. ಅಮ್ಮ ತೀರಿಹೋದ ವರ್ಷ ನಾನು ಒಲೆ ಹಚ್ಚದೆ, ಬಾಗಿಲು ತೆಗೆಯದೆ ಕೂತಿದ್ದಾಗ ಬಂದು ಬಾಗಿಲು ಬಡಿದವರು ಹೊಲಿಗೆಯಕ್ಕ. ಆಗ ಸ್ವಲ್ಪ ಕಣ್ಣು ಕಾಣುತ್ತಿತ್ತು. ಒಳಗೆ ಬಂದವರೇ ಒಂದೂ ಸಮಾಧಾನದ ಮಾತಾಡದೆ ಕಿಟಕಿಯ ಪರದೆ ಬಿಚ್ಚಿಕೊಂಡು, "ಅಂಚು ಬಿಟ್ಟಿದೆ, ಹೊಲಿದು ತರ್ತೀನಿ" ಅಂತ ಹೋದರು. ಮಾರನೇ ದಿನ ತಂದರು. ಇನ್ನೊಂದು ಬಿಚ್ಚಿಕೊಂಡು ಹೋದರು. ಹೀಗೆ ಮನೆಯ ಪರದೆಗಳೆಲ್ಲ ಮುಗಿಯುವ ಹೊತ್ತಿಗೆ ನಾನು ಎದ್ದು ಓಡಾಡುತ್ತಿದ್ದೆ. ಪರದೆಗಳ ಅಂಚಿಗೆ ಏನೂ ಆಗಿರಲಿಲ್ಲ. ಇಂಥವರಿಗೆ ನಾನು ಏನಾಗಬೇಕು ಅಂತ ನಿಮ್ಮ ಸಮಿತಿಯವರನ್ನೇ ಕೇಳಿ ಹೇಳಿ.

ಓಟು ಯಾವುದಕ್ಕೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಿಮಗೂ ಇಲ್ಲ, ಅಧಿಕಾರಿಗೂ ಇಲ್ಲ. ನಾನು ಅವರ ಕಣ್ಣಾಗಿ ಒಳಗೆ ಹೋಗಿದ್ದೆ, ಬಾಯಾಗಿ ಅಲ್ಲ.

ಮತದಾನದ ಫಲಿತಾಂಶ ನಿಮಗೆ ಗೊತ್ತೇ ಇದೆ. 'ಸೇರಲಿ' ಅನ್ನುವವರು ಭಾರೀ ಅಂತರದಲ್ಲಿ ಗೆದ್ದರು. ಒಂದು ಓಟಿನಿಂದ ಏನೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಹಾಗಿದ್ದೂ ದೂರು ಕೊಟ್ಟವರು ಯಾರು ಅಂದುಕೊಂಡಿರಿ? ಹೊಲಿಗೆಯಕ್ಕನ ತಮ್ಮನ ಮಗ. ಅವರ ಎದುರುಮನೆಯಲ್ಲೇ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದಾನೆ. ಹಿಂದೆ ಅತ್ತೆಗೂ ಅಳಿಯನಿಗೂ ಏನೋ ಮಾತು ಬಂದು, ವರ್ಷಗಳಿಂದ ತಮ್ಮ ಮನೆಯ ಫ್ಯೂಸ್ ಹೋದರೂ ಅಕ್ಕ ಬೇರೆ ಬೀದಿಯವನನ್ನು ಕರೆಸುತ್ತಾರೆ. ನಿಮ್ಮ ಕುಟುಂಬದ ಪಟ್ಟಿಯಲ್ಲಿ ಅವನಿಗೆ ಜಾಗ ಇದೆ, ನನಗಿಲ್ಲ.

ಸಂಘದ ಅಧ್ಯಕ್ಷರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜನ. "ನೋಡಮ್ಮ, ಸಂಘಕ್ಕೆ ಗೊತ್ತಿಲ್ಲದೆ ವ್ಯಾನು ತಗೊಂಡು ಹೋಗಿದ್ದೆ ಅಂತ ಬರೆದು ರಾಜೀನಾಮೆ ಕೊಟ್ಬಿಡು. ವ್ಯಾನು ಉಳಿಯುತ್ತೆ" ಅಂದರು. ವ್ಯಾನು ಉಳಿಯುತ್ತೆ. ಓಡಿಸುವವಳು ಬೀದಿಗೆ ಬೀಳುತ್ತಾಳೆ. ಮಾತು ಮುಗಿಸಿ ನನ್ನ ಕಾಫಿಯನ್ನೂ ಅವರೇ ಕುಡಿದು ಎದ್ದು ಹೋದರು, ಗಮನಿಸಲೇ ಇಲ್ಲ.

ನಾನು ಬರೆದುಕೊಟ್ಟಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ. ವ್ಯಾನು ತೊಳೆದದ್ದೇ ತೊಳೆಯುತ್ತಿದ್ದೇನೆ. ಸೀಟಿನ ಕೆಳಗೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತು.

ಇತಿ,
ವ್ಯಾನಿನವಳು


ಮಾರ್ಚ್ 4

ಗಾಲಿಗೆ,

ನೋಟಿಸು ಬಂತು. ವಿಚಾರಣೆ ಇಪ್ಪತ್ತೈದನೇ ತಾರೀಕು. ಖುದ್ದಾಗಿ ಬರಬಹುದು, ಇಲ್ಲವೇ ಲಿಖಿತ ಉತ್ತರ ಕಳಿಸಬಹುದು. ನಮ್ಮ ಮೇಲಧಿಕಾರಿ ಕರೆದು ಬಾಗಿಲು ಮುಂದೆ ಮಾಡಿ ಹೇಳಿದರು: "ಕಾಯಿದೆಯ ಕರಡು ಮಾಡಿದವರೇ ಹೋಗಿ ಆ ಕಾಯಿದೆ ಮುರಿದವರ ಪಕ್ಕದಲ್ಲಿ ನಿಂತರೆ ನೋಡುವವರಿಗೆ ಹೇಗಿರುತ್ತೆ? ಒಂದೇ ಪದ ತಾನೆ, ಬರೆದು ಕಳಿಸಿಬಿಡಿ."

ನಿಜ. 'ಅಲ್ಲ' ಎಂಬುದು ಒಂದೇ ಪದ. ಅದನ್ನು ಬರೆದು, ಲಕೋಟೆಗೆ ಹಾಕಿ, ಅಂಟಿಸಿದ್ದೂ ಆಯಿತು. ಆಮೇಲೆ ನಮ್ಮ ಕಚೇರಿಯ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ನೀರಿನ ಡಬ್ಬಿ ತುಂಬುವಾಕೆ ಏನಾದರೂ ಕಳೆದುಕೊಂಡಿರಾ ಎಂದು ಕೇಳಿದಳು.

ನೀನು 'ಅಮ್ಮ ತೀರಿಹೋದ ವರ್ಷ' ಎಂದು ಬರೆದಿದ್ದೀಯ. ಅಧಿವೇಶನ ನಡೆಯುತ್ತಿತ್ತು, ಮಸೂದೆ ಆ ದಿನವೇ ಮಂಡನೆಯಾಗಬೇಕಿತ್ತು, ನಾನು ಬಂದಾಗ ಎಲ್ಲ ಮುಗಿದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ನೀನು ಬಾಗಿಲಲ್ಲಿ ನಿಂತು, "ಬನ್ನಿ, ಈಗ ಬಿಡುವಾಯ್ತಾ ನಿಮಗೆ?" ಎಂದೆ. ಅಲ್ಲಿಯವರೆಗೆ ಒಂದು ದಿನವೂ ನೀನು ನನಗೆ 'ನೀವು' ಎಂದವಳಲ್ಲ. ಮರ್ಯಾದೆ ಕೊಟ್ಟು ಹೊಡೆಯಬಹುದು ಎಂದು ಆವತ್ತೇ ನನಗೆ ಗೊತ್ತಾದದ್ದು.

ನಾನು ಬರುತ್ತೇನೆ. 'ಅಲ್ಲ' ಎಂದೇ ಹೇಳುತ್ತೇನೆ. ಆದರೆ ಅದನ್ನು ನಿನ್ನ ಮುಖ ನೋಡಿ ಹೇಳಬೇಕು.

ಇತಿ,
ದೊಡ್ಡವಳು


ಮಾರ್ಚ್ 10

ನಿಮಗೆ,

ಬರಬೇಡಿ. ಅಂಚೆಯಲ್ಲೇ ನನ್ನನ್ನು ಮುಳುಗಿಸಬಹುದಾದಾಗ ಬಸ್ಸಿನ ಖರ್ಚು ಯಾಕೆ?

ಹೊಲಿಗೆಯಕ್ಕನಿಗೆ ನೀವು ಬರುವ ಸುದ್ದಿ ಹೇಳಬಾರದಿತ್ತು, ಹೇಳಿಬಿಟ್ಟೆ. ಕತ್ತರಿ ಕೆಳಗಿಟ್ಟು, "ಬಿಳಿ ಕಾಲರಿಗೆ ಇಸ್ತ್ರಿ ಸರಿಯಿಲ್ಲ ಅಂತ ವಾಪಸ್ ಕೊಡ್ತಿದ್ದಳಲ್ಲ, ಅವಳಾ?" ಅಂದರು. ಹೌದು ಅಂದೆ. "ಅವಳು ಸುಳ್ಳು ಹೇಳಲ್ಲ ಬಿಡು. ನನ್ನ ಹೊಲಿಗೆ ಡೊಂಕು ಅಂತ ಮುಖಕ್ಕೇ ಹೇಳಿದ್ದವಳು ಊರಲ್ಲಿ ಅವಳೊಬ್ಬಳೇ" ಅಂತ ನಕ್ಕರು. ಅವರಿಗೆ ನಗು. ಕಣ್ಣು ಹೋದಮೇಲೂ ಅಂದಾಜಿನಲ್ಲೇ ದಿಂಬಿನ ಚೀಲ ಹೊಲಿಯುತ್ತಾರೆ, ಅಂದಾಜಿನಲ್ಲೇ ನಗುತ್ತಾರೆ.

ಈ ವಾರ ನಾನು ಬೇಕಂತಲೇ ಸುತ್ತು ಹಾದಿಯಲ್ಲಿ ವ್ಯಾನು ಓಡಿಸಿದೆ. ಡಯಾಲಿಸಿಸ್‌ಗೆ ಹೋಗುವ ಮೇಷ್ಟ್ರು, "ಏನಮ್ಮ, ಊರು ತೋರಿಸ್ತಿದ್ದೀಯಾ?" ಅಂದರು. ನಿಜ ಹೇಳಿದರೆ, ಇದು ನನ್ನ ಕೈಯಿಂದ ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಅನ್ನುವುದೇ ನನಗೆ ಗೊತ್ತಿಲ್ಲ. ಆ ಮೇಷ್ಟ್ರು ಆಸ್ಪತ್ರೆಗೆ ಹೇಗೆ ಹೋಗುತ್ತಾರೆ ಅನ್ನುವುದೂ ಗೊತ್ತಿಲ್ಲ.

ಭಯ ಆಗುತ್ತಿದೆ. ಬರೆಯಬಾರದು ಅಂದುಕೊಂಡಿದ್ದೆ.

ಇತಿ,
ವ್ಯಾನಿನವಳು


ಮಾರ್ಚ್ 28

ನಿಮಗೆ,

ನೀವು ಹೇಳಿದ್ದನ್ನು ನಿಮಗೇ ಬರೆಯುವುದು ಹುಚ್ಚುತನ. ಆದರೆ ನಾನು ಕೇಳಿಸಿಕೊಂಡದ್ದು ನಿಜವೋ, ಆ ಫ್ಯಾನಿನ ಸದ್ದಿನಲ್ಲಿ ನಾನೇ ಕಟ್ಟಿಕೊಂಡದ್ದೋ ಅಂತ ಖಾತ್ರಿಯಾಗಬೇಕು.

"ಈ ಮಹಿಳೆ ನಿಮ್ಮ ಸೋದರಿಯೇ?" ಅಂತ ಅಧಿಕಾರಿ ಕೇಳಿದರು. ನೀವು ನನ್ನ ಕಡೆ ತಿರುಗಿ "ಅಲ್ಲ" ಅಂದಿರಿ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. "ಮತ್ತೆ ನಿಮ್ಮ ತಂಗಿ ಇವರನ್ನು ಅಕ್ಕ ಅನ್ನುವುದು ಯಾಕೆ?" ಅಂದರು. ಆಗ ನೀವು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದಿರಿ: "ಆ ಪದ ನನ್ನದಾಗಿತ್ತು ಸಾರ್. ನಾಲ್ಕು ವರ್ಷದಿಂದ ಅವಳು ಅದನ್ನು ನನಗೆ ಬಳಸಿಲ್ಲ. ಸುಮ್ಮನೆ ಬಿದ್ದಿದ್ದನ್ನು, ಬೇಕಾದವರಿಗೆ ಕೊಟ್ಟಿದ್ದಾಳೆ. ಇವರು ನನ್ನ ಅಕ್ಕ ಅಲ್ಲ. ಅವಳಿಗೆ ಏನೂ ಆಗಬೇಕಾಗಿಲ್ಲ ಅಂತ ಮಾತ್ರ ನನ್ನಿಂದ ಹೇಳಿಸಬೇಡಿ."

ಹೀಗೇ ಅಂದಿರಿ ತಾನೆ?

ಆಮೇಲೆ ಸಹಿ ಹಾಕಿ ಎದ್ದು ಹೋದಿರಿ. ಹಾಗಾಗಿ ಮುಂದಿನದು ನಿಮಗೆ ಗೊತ್ತಿಲ್ಲ. ದೂರುದಾರನ ವಕೀಲರು ಹೊಲಿಗೆಯಕ್ಕನ ಹತ್ತಿರ ಬಂದು, "ನೋಡಿ ಅಮ್ಮಾ, ಹೆದರಬೇಡಿ, ನಿಜ ಹೇಳಿ" ಅಂತ ಶುರುಮಾಡಿದರು. ಅಕ್ಕ ತಕ್ಷಣ ಅಧಿಕಾರಿ ಇರುವ ದಿಕ್ಕಿಗೆ ತಿರುಗಿ, "ಬರ್ಕೊಂಡ್ರಾ ಸ್ವಾಮಿ? ಇವರು ನನ್ನ ಅಮ್ಮ ಅಂದ್ರು. ಇನ್ಮೇಲೆ ಇವರೂ ನನ್ನ ಜೊತೆ ಒಳಗೆ ಬರಬಹುದು" ಅಂದರು. ಅಧಿಕಾರಿ ನಗು ತಡೆಯಲು ನೀರು ಕುಡಿದರು. ಬಾಗಿಲ ಹತ್ತಿರದ ಪೊಲೀಸಪ್ಪ ತಡೆಯಲಿಲ್ಲ.

ನನ್ನನ್ನು ಕೇಳಿದರು, ಯಾವುದಕ್ಕೆ ಒತ್ತಿದಿರಿ ಅಂತ. ಹೇಳುವುದಿಲ್ಲ ಅಂದೆ. ಹೇಳಿದರೆ ನಿಮಗೇ ಅನುಕೂಲ ಆಗಬಹುದು ಅಂದರು. ಆದರೂ ಹೇಳುವುದಿಲ್ಲ ಅಂದೆ. ನನ್ನ ಕಾಲು ಮೇಜಿನ ಕೆಳಗೆ ತಾನೇ ತಾನಾಗಿ ಕ್ಲಚ್ಚು ತುಳಿಯುತ್ತಿತ್ತು.

"ಅವಳು ಹೇಳಲ್ಲ. ನನ್ನ ಓಟು, ನಾನೇ ಹೇಳ್ತೀನಿ," ಅಂದರು ಹೊಲಿಗೆಯಕ್ಕ. "'ಸೇರಲಿ' ಒತ್ತು ಅಂದೆ. ದೊಡ್ಡ ಊರಾದ್ರೆ ಒಂದು ಕಣ್ಣಾಸ್ಪತ್ರೆ ಬಂದೀತು ಅಂತ ಆಸೆ."

"ಅವರು ಅದನ್ನೇ ಒತ್ತಿದರು ಅಂತ ನಿಮಗೆ ಹೇಗೆ ಗೊತ್ತು? ನಿಮಗೆ ಕಾಣೋದಿಲ್ಲವಲ್ಲ," ಅಂದರು ವಕೀಲರು.

"ಅವಳ ಕೈ ಮೇಲೆ ನನ್ನ ಕೈ ಇತ್ತಪ್ಪ. ನಡುಗ್ತಾ ಇತ್ತು. ತನಗೆ ಬೇಕಾದ್ದನ್ನ ಒತ್ತೋ ಕೈ ನಡುಗಲ್ಲ."

ಅವರಿಗೆ ಗೊತ್ತಾಗಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಅಲ್ಲೇ, ಎಲ್ಲರೆದುರಿಗೆ, ಮೂಗು ಸೊರಸೊರ ಮಾಡಿಕೊಂಡು ಅತ್ತೆ.

ಆಗ ಆ ಅಳಿಯ ಎದ್ದು ನಿಂತ. ವಕೀಲರು ಕೂರಿ ಕೂರಿ ಅಂದರೂ ಕೂರಲಿಲ್ಲ. "ನನಗೆ ಯಾವ ಕಡೆ ಒತ್ತಿದ್ರು ಅನ್ನೋದು ಬೇಕಾಗಿಲ್ಲ ಸಾರ್," ಅಂದ. "ಆವತ್ತು ಅಂಗಡಿ ಬಾಗಿಲಲ್ಲೇ ನಿಂತಿದ್ದೆ. ಕಾನೂನು ಬಂದಿದೆ, ಈ ಸಲ ನನ್ನನ್ನೇ ಕರೀಬೇಕು ಅಂತ ಹೊಸ ಅಂಗಿ ಬೇರೆ ಹಾಕ್ಕೊಂಡಿದ್ದೆ. ನನ್ನ ಮುಂದೇನೇ ದಾಟ್ಕೊಂಡು ವ್ಯಾನು ಹತ್ತಿದ್ರು. 'ಬಾರೋ' ಅಂತ ಒಂದು ಮಾತು ಅನ್ನಲಿಲ್ಲ ಅತ್ತೆ."

ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ಹಾಗೇ ಇನ್ನೊಬ್ಬರು ಆಗತಾನೇ ಆ ಕೋಣೆಯಿಂದ ಎದ್ದು ಹೋಗಿದ್ದರಲ್ಲ.

ತೀರ್ಮಾನ ಕಾಯ್ದಿರಿಸಿದ್ದಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ ಅಂತ ಗಾದೆ. ನೀವು ಊರಿಗೆ ಬಂದವರು ಮನೆಗೆ ಬರಲಿಲ್ಲ. ಎರಡು ಲೋಟ ತೊಳೆದಿಟ್ಟಿದ್ದೆ.

ಇತಿ,
ಚಿಕ್ಕವಳು


ಏಪ್ರಿಲ್ 7

ಗಾಲಿಗೆ,

ಹೌದು, ಹಾಗೇ ಹೇಳಿದೆ. ಒಂದೇ ತಿದ್ದುಪಡಿ: ಕನ್ನಡಕ ಒರೆಸಿಕೊಂಡದ್ದು ಮಾತಿಗೆ ಮುಂಚೆ ಅಲ್ಲ, ಆಮೇಲೆ.

ಮನೆಗೆ ಬರಲಿಲ್ಲ ಎಂದಿದ್ದೀಯ. ಬಂದಿದ್ದೆ. ನೀನು ಇನ್ನೂ ವಿಚಾರಣೆಯಲ್ಲೇ ಇದ್ದೆ, ಬಾಗಿಲಿಗೆ ಬೀಗವಿತ್ತು. ನೀನು ಬರುವವರೆಗೆ ಮೆಟ್ಟಿಲ ಮೇಲೆ ಕೂರೋಣ ಎಂದು ಕೂತೆ. ಕಿಟಕಿಯಲ್ಲಿ ಪರದೆ ಕಾಣುತ್ತಿತ್ತು. ಅಂಚು ನೋಡಿದೆ, ನೇರವಾಗಿದೆ. ನನ್ನ ಯೂನಿಫಾರ್ಮಿಗಿಂತ ಚೆನ್ನಾಗಿ ಹೊಲಿದಿದ್ದಾರೆ, ಅವರಿಗೆ ತಿಳಿಸು. ಸ್ವಲ್ಪ ಹೊತ್ತಿಗೆ ನಿನ್ನ ವ್ಯಾನು ಬೀದಿ ತಿರುಗುವ ಸದ್ದು ಕೇಳಿತು. ನೀನು ಇಳಿದು ಬಂದು, ನನ್ನನ್ನು ನೋಡಿ, 'ಬನ್ನಿ' ಎನ್ನುತ್ತೀಯ ಎಂದು ಅನ್ನಿಸಿದ ಕೂಡಲೇ ಎದ್ದು ಇನ್ನೊಂದು ದಿಕ್ಕಿನಿಂದ ಹೊರಟುಬಿಟ್ಟೆ. ಅಷ್ಟು ದೊಡ್ಡ ಕೋಣೆಯಲ್ಲಿ ಪ್ರಮಾಣ ಮಾಡುವಾಗ ಹೆದರದವಳು ಒಂದು 'ಬನ್ನಿ'ಗೆ ಹೆದರಿದೆ.

ಇಲ್ಲಿ ನನ್ನನ್ನು ಕರಡು ಶಾಖೆಯಿಂದ ತೆಗೆದು, ರದ್ದಾದ ಹಳೆಯ ಕಾಯಿದೆಗಳನ್ನು ವಿಂಗಡಿಸುವ ಕೋಣೆಗೆ ಹಾಕಿದ್ದಾರೆ. ಶಿಕ್ಷೆಯೇ ಇರಬೇಕು, ಯಾರೂ ಹಾಗನ್ನುತ್ತಿಲ್ಲ. ಮೇಜು ಬಿಡುವ ಮುಂಚೆ ಒಂದು ಟಿಪ್ಪಣಿ ಬರೆದಿಟ್ಟು ಬಂದೆ. ದಲ್ಲಾಳಿಯನ್ನು ತಡೆಯಬೇಕಾದರೆ ಒಬ್ಬರು ಒಬ್ಬರಿಗೆ ಮಾತ್ರ ಜೊತೆಯಾಗಬಹುದು ಎಂದರೆ ಸಾಕು, ಆ ಒಬ್ಬರು ಯಾರು ಎಂಬುದನ್ನು ಮತದಾರರಿಗೇ ಬಿಡಿ ಎಂದು. ಓದುತ್ತಾರೋ, ಅಲುಗಾಡುವ ಕಪಾಟಿನ ಕಾಲಿಗೆ ಒತ್ತು ಕೊಡುತ್ತಾರೋ ಗೊತ್ತಿಲ್ಲ.

ಹೊಸ ಕೋಣೆಯಲ್ಲಿ ಕೆಲಸ ಕಡಿಮೆ, ಧೂಳು ಜಾಸ್ತಿ. ಕಣ್ಣು ಉರಿಯುತ್ತಿತ್ತು. ಹಾಗೇ ಕೂತು ನಾನೇ ಬರೆದ ಆ ಕಲಮನ್ನು ಇನ್ನೊಮ್ಮೆ ಓದಿದೆ, ಈ ಸಲ ಬರೆದವಳಾಗಿ ಅಲ್ಲ. ಕಣ್ಣು ಕಾಣದ ಒಬ್ಬ ಮತದಾರಳಾಗಿ. ಗಂಡ: ಇಲ್ಲ. ತಂದೆ ತಾಯಿ: ಇಲ್ಲ. ಮಕ್ಕಳು: ಇಲ್ಲ. ಒಡಹುಟ್ಟಿದವರ ಮಕ್ಕಳು: ಇಲ್ಲ. ಒಡಹುಟ್ಟಿದವರು: ಒಬ್ಬಳು.

ನನಗೆ ಕಣ್ಣು ಹೋದರೆ ಕಾನೂನಿನ ಪ್ರಕಾರ ಈ ಭೂಮಿಯ ಮೇಲೆ ನನ್ನ ಕೈ ಹಿಡಿದು ಒಳಗೆ ಬರಬಹುದಾದವಳು ನೀನೊಬ್ಬಳೇ, ಗಾಲಿ. ಇಷ್ಟು ವರ್ಷ ಬೇರೆಯವರ ಕುಟುಂಬಕ್ಕೆ ವ್ಯಾಖ್ಯೆ ಬರೆದೆ. ನನ್ನದು ಇಷ್ಟು ಚಿಕ್ಕದು ಎಂದು ಕಣ್ಣಿಗೆ ಬಿದ್ದಿರಲಿಲ್ಲ.

ಇತಿ,
ನಿನಗೆ ಏನಾಗಬೇಕೋ ಅದು


ಏಪ್ರಿಲ್ 23

ಅಕ್ಕಾ,

ಮೊದಲು ಆದೇಶದ ವಿಷಯ. ಸಂಘದ ನೋಂದಣಿ ಉಳಿಯಿತು. ವ್ಯಾನು ಉಳಿಯಿತು. ಓಡಿಸುವವಳೂ ಉಳಿದಳು. ನಾನು ಹಾಕಿದ ಸಹಿ ಮಾತ್ರ ತಪ್ಪೇ, ಆದರೆ ಮೋಸ ಮಾಡುವ ಉದ್ದೇಶ ಇರಲಿಲ್ಲ ಅಂತ ಬರೆದಿದ್ದಾರೆ. ಮುಂದಿನ ಎರಡು ಮತದಾನದಲ್ಲಿ ನಾನು ಯಾರ ಜೊತೆಗೂ ಒಳಗೆ ಹೋಗುವಂತಿಲ್ಲ. ಅಷ್ಟೇ ಶಿಕ್ಷೆ. ಶೆಡ್ಡಿನಿಂದ ಮಾತ್ರ ಜೂನ್ ಒಳಗೆ ಏಳಬೇಕು, ಇನ್ನು ನಾವು ದೊಡ್ಡ ನಗರದವರು. ಅಧ್ಯಕ್ಷರು "ನಾನು ಮೊದಲಿಂದಲೂ ನಿನ್ನ ಪರವೇ ಇದ್ದೆನಲ್ಲಮ್ಮ" ಅಂತ ಬಂದರು. ಈ ಸಲ ಕಾಫಿ ಒಂದೇ ಲೋಟ ತಂದು ನಾನೇ ಕುಡಿದೆ.

ಆದೇಶ ಬಂದ ದಿನವೇ ಹೊಲಿಗೆಯವರ ಮನೆಗೆ ಓಡಿದೆ. ಬಾಗಿಲಲ್ಲೇ "ಅಕ್ಕಾ!" ಅಂದೆ. "ಹಾಗನ್ನಬೇಡ," ಅಂದರು. ತಮಾಷೆ ಅಂದುಕೊಂಡೆ. ಅಲ್ಲ. "ಅವಳು ಬಂದು ಅಷ್ಟು ಜನರ ಮುಂದೆ ಆ ಪದ ತನ್ನದು ಅಂತ ಹೇಳಿ ಹೋದಳು. ಇನ್ನು ಅದನ್ನ ನಾನು ಇಟ್ಕೊಂಡ್ರೆ ಕದ್ದ ಮಾಲು ಆಗುತ್ತೆ. ಮೊದಲು ಅವಳಿಗೆ ಕೊಟ್ಟು ಬಾ. ಆಮೇಲೆ ಮಿಕ್ಕಿದ್ರೆ ನನಗೂ ಕೊಡು" ಅಂದರು. ನಿಮ್ಮನ್ನ ಮತ್ತೆ ಏನಂತ ಕರೆಯಲಿ ಅಂದೆ. ಕರೀಬೇಡ, ಹಾರನ್ ಹೊಡಿ ಅಂದರು. ಎರಡು ವಾರದಿಂದ ಅವರ ಬಾಗಿಲಲ್ಲಿ ಹಾರನ್ನೇ ಹೊಡೆಯುತ್ತಿದ್ದೇನೆ. ಎದುರಂಗಡಿಯ ಅಳಿಯ ಹೊರಗೆ ಬಂದು ನೋಡುತ್ತಾನೆ. ಮುಂದಿನ ಸಲ ಅವನೇ ಅವರನ್ನು ಕರೆದುಕೊಂಡು ಹೋಗುತ್ತಾನಂತೆ. "ನೀವು ಹೇಳಿದ ಕಡೆ ನಾನು ಒತ್ತದೇ ಇದ್ರೆ ಏನ್ಮಾಡ್ತೀರಿ ಅತ್ತೆ?" ಅಂತ ಕೇಳಿದನಂತೆ. "ಚಿವುಟ್ತೀನಿ" ಅಂದರಂತೆ. ಅವರ ಮನೆಯ ಫ್ಯೂಸು ಈಗ ಸರಿಯಾಗಿದೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯಲು ಇಷ್ಟು ತಡ ಯಾಕೆ ಅನ್ನುವುದಕ್ಕೆ ಕಾರಣ ಈ ಕಾಗದದ ಮೊದಲ ಪದ. ಅದನ್ನು ಬರೆಯುವುದಕ್ಕೆ ಮುಂಚೆ ಒಂದು ಸಲ ಬಾಯಲ್ಲಿ ಹೇಳಿ ನೋಡಬೇಕಿತ್ತು. ಖಾಲಿ ವ್ಯಾನಿನಲ್ಲಿ ಹೇಳಲು ಹೋದರೆ ಗಂಟಲಿಗೆ ಬರುತ್ತೆ, ಬಾಯಿಗೆ ಬರುವುದಿಲ್ಲ. ನಿನ್ನೆ ಸೇತುವೆ ಇಳಿಯುವಾಗ ಯಾರೋ ಅಡ್ಡ ಬಂದರು, ಬ್ರೇಕ್ ತುಳಿದೆ, "ಅಕ್ಕಾ!" ಅಂತ ಕಿರುಚಿಕೊಂಡೆ. ಹಿಂದೆ ಕೂತಿದ್ದ ಮೇಷ್ಟ್ರು, "ಅಮ್ಮಾ ಅನ್ನೋದು ಕೇಳಿದ್ದೆ, ಇದು ಹೊಸದು" ಅಂದರು. ಹೊಸದಲ್ಲ ಮೇಷ್ಟ್ರೇ, ಹಳೇದು ಅಂದೆ.

ಅಮ್ಮ ಹೋದ ದಿನದ್ದು ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಹೋಗಿದೆ ಅಂತ ಬರೆದರೆ ಅದೂ ಸುಳ್ಳು ಸಹಿ ಆಗುತ್ತೆ. ನೀನು ಬಂದಾಗ ಜಗಳ ಆಡೋಣ. ಬೀಗದ ಕೈ ನೀರಿನ ಮೀಟರಿನ ಹಿಂದೆ ಇಟ್ಟಿರುತ್ತೇನೆ. ಮೆಟ್ಟಿಲ ಮೇಲೆ ಕೂರಬೇಡ, ಒಳಗೆ ಹೋಗಿ ಕೂತಿರು. ನಾನು ಬಂದು 'ಬನ್ನಿ' ಅನ್ನುವುದಿಲ್ಲ. ಆಗಲೇ ಒಳಗಿರುವವಳಿಗೆ ಯಾರಾದರೂ ಹಾಗನ್ನುತ್ತಾರಾ?

ಇನ್ನೊಂದು ವಿಷಯ. ಕಾನೂನಿನ ಪ್ರಕಾರ ನಿನ್ನ ಕೈ ಹಿಡಿದು ಒಳಗೆ ಬರಬಹುದಾದವಳು ನಾನೊಬ್ಬಳೇ ಅಂದೆ. ಆದೇಶದ ಪ್ರಕಾರ ಮುಂದಿನ ಎರಡು ಮತದಾನಕ್ಕೆ ನಾನೂ ಇಲ್ಲ. ಧೂಳಿನಲ್ಲಿ ಕೂತು ಕಣ್ಣು ಉಜ್ಜಿಕೊಳ್ಳಬೇಡ. ಅಲ್ಲಿಯವರೆಗೆ ಅದನ್ನು ಜೋಪಾನವಾಗಿ ನೋಡಿಕೋ.

ಸಹಿ: ಗಾಲಿ
ಏನಾಗಬೇಕು: ತಂಗಿ